ಕಾಡು ಕಡಿದರೆ ಮಳೆ ಕಡಿಮೆ ಆಗುತ್ತದೆ ಅನ್ನುವುದು ನಿಜವೇ?

ನಿಜ. ಆದರೆ ಪೆಟ್ಟು ಬೀಳುವುದು ಕಾಡು ಕಡಿದ ಜಾಗಕ್ಕೆ ಮಾತ್ರ ಅಲ್ಲ, ಗಾಳಿ ಸಾಗುವ ದಾರಿಯಲ್ಲಿ ದೂರದಲ್ಲಿರುವ ಊರುಗಳಿಗೂ.

ಮರ ಬೇರಿನಿಂದ ಎಳೆದುಕೊಂಡ ನೀರಿನಲ್ಲಿ ತನಗೆ ಇಟ್ಟುಕೊಳ್ಳುವುದು ತೀರಾ ಸ್ವಲ್ಪ. ಉಳಿದದ್ದು ಎಲೆಯ ಸಣ್ಣ ಸಣ್ಣ ರಂಧ್ರಗಳಿಂದ ಆವಿಯಾಗಿ ಗಾಳಿ ಸೇರುತ್ತದೆ. ನೋಡಬೇಕಾ? ಬಿಸಿಲಲ್ಲಿರುವ ಒಂದು ಟೊಂಗೆಗೆ, ಎಲೆ ಸಮೇತ, ಪ್ಲಾಸ್ಟಿಕ್ ಕವರ್ ಬಿಗಿಯಾಗಿ ಕಟ್ಟಿ. ಒಂದೆರಡು ಗಂಟೆಯಲ್ಲಿ ಕವರಿನ ಒಳಗೆ ಮಬ್ಬು ಹಿಡಿದು ಹನಿ ಇಳಿಯತೊಡಗುತ್ತದೆ.

ಈಗ ಪಶ್ಚಿಮ ಘಟ್ಟ ನೋಡಿ. ಮುಂಗಾರಿನ ನೀರು ಮುಖ್ಯವಾಗಿ ಸಮುದ್ರದಿಂದಲೇ ಬರುತ್ತದೆ, ಅದರಲ್ಲಿ ಅನುಮಾನ ಬೇಡ. ಘಟ್ಟದ ಕಾಡು ಅದರಲ್ಲೊಂದು ಪಾಲನ್ನು ಮಣ್ಣಿನಲ್ಲಿ ಹಿಡಿದಿಟ್ಟು ಮತ್ತೆ ಗಾಳಿಗೆ ಬಿಡುತ್ತದೆ. ಪಡುವಣ ಗಾಳಿ ಅದನ್ನು ತಮಿಳುನಾಡಿನ ಕಡೆಗೆ ಒಯ್ಯುತ್ತದೆ. ಐಐಟಿ ಬಾಂಬೆಯ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮಳೆ ಕೊರತೆಯ ವರ್ಷಗಳಲ್ಲಿ ಅಲ್ಲಿನ ಮುಂಗಾರು ಮಳೆಯ ತೇವಾಂಶದಲ್ಲಿ ಶೇ. 25ರಿಂದ 40ರಷ್ಟು ಈ ಕಾಡಿನದು. ಮುಂಗಾರು ಕೈಕೊಟ್ಟಾಗಲೇ ಕಾಡು ಜಾಸ್ತಿ ಕೈ ಹಿಡಿಯುತ್ತದೆ, ಅಲ್ವಾ? ಮೋಡ ಬಾರದ ದಿನಗಳಲ್ಲೂ ಆಳದ ಬೇರುಗಳು ನೀರೆತ್ತುತ್ತಲೇ ಇರುತ್ತವೆ.

ಹಾಗಾಗಿ ಕೊಡಗಿನಲ್ಲಿ ಕಾಡು ಕಡಿಯಲು ಒಪ್ಪಿಗೆ ಕೊಡುವಾಗ ಆ ಜಿಲ್ಲೆಯ ಲೆಕ್ಕವನ್ನಷ್ಟೇ ಹಾಕಿದರೆ ಸಾಲದು. ಬೇರೆಲ್ಲೋ ಸಸಿ ನೆಟ್ಟು ಸರಿದೂಗಿಸುತ್ತೇವೆ ಅನ್ನುವ ಮಾತನ್ನೂ ನಾನು ಒಪ್ಪುವುದಿಲ್ಲ. ಎಳೆ ಸಸಿಗೆ ಅಷ್ಟು ಆಳದ ಬೇರಿಲ್ಲ. ಗಾಳಿಯ ಆ ದಾರಿಯಲ್ಲೂ ಅದು ಇರುವುದಿಲ್ಲ.