ಓದುಗರ ಪ್ರಶ್ನೆ: ಇಂಧನದ ಯುರೇನಿಯಂ, ಉಳ್ಳಾಲದ ಮರಳು

ಪ್ರಶ್ನೆ: ನಮ್ಮ ಎಂ.ಎಸ್ಸಿ. ಲ್ಯಾಬಿನಲ್ಲಿ ಎರಡು ಇಂಚಿನ ಸೋಡಿಯಂ ಅಯೋಡೈಡ್ ಡಿಟೆಕ್ಟರ್ (ಗ್ಯಾಮಾ ಕಿರಣ ಎಣಿಸುವ ಹರಳಿನ ಉಪಕರಣ) ಇದೆ. ಪರಮಾಣು ಇಂಧನದಲ್ಲಿ ಯುರೇನಿಯಂ-235ರ ಪಾಲನ್ನು ಇಂಥದ್ದರಲ್ಲೇ ಅಳೆಯುತ್ತಾರಂತೆ. ಹೇಗೆ? ಉಳ್ಳಾಲದ ಮರಳಿಗೂ ಅದೇ ಕ್ರಮ ನಡೆದೀತೇ?
– ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಯುರೇನಿಯಂ-235 ನೂರು ಸಲ ಕ್ಷಯಿಸಿದರೆ ಸುಮಾರು 57 ಸಲ 185.7 ಕೆಇವಿ (ಕಿರಣದ ಶಕ್ತಿಯ ಮಾನ) ಗ್ಯಾಮಾ ಕಿರಣ ಹೊಮ್ಮುತ್ತದೆ. ಆದರೆ ಯುರೇನಿಯಂ ತನ್ನ ಕಿರಣವನ್ನು ತಾನೇ ನುಂಗುವಷ್ಟು ಭಾರದ ವಸ್ತು. ಲೋಹವಾದರೆ ಮೇಲಿನ ಸುಮಾರು 2.6 ಮಿ.ಮೀ., ಸುಟ್ಟು ಗಟ್ಟಿಮಾಡಿದ ಡೈಆಕ್ಸೈಡ್ ಆದರೆ 5 ಮಿ.ಮೀ., ಸಡಿಲ ಪುಡಿಯಾದರೆ ಸುಮಾರು 2.75 ಸೆಂ.ಮೀ. – ಡಿಟೆಕ್ಟರಿಗೆ ಕಾಣುವುದು ಇಷ್ಟೇ. ಅದಕ್ಕಿಂತ ದಪ್ಪವಿದ್ದರೆ ಡಬ್ಬಿಯಲ್ಲಿ ಒಂದು ಕಿಲೋ ಇರಲಿ, ಹತ್ತು ಕಿಲೋ ಇರಲಿ, ಎಣಿಕೆ ಬದಲಾಗದು. 235ರ ಪಾಲು ಹೆಚ್ಚಿದರೆ ಮಾತ್ರ ಏರುತ್ತದೆ. ಇಡೀ ವಿಧಾನ ನಿಂತಿರುವುದು ಇದರ ಮೇಲೆ.

ಡಿಟೆಕ್ಟರಿನ ಮುಂದೆ ಸೀಸದ ಕೊಲಿಮೇಟರ್ (ನೇರ ಮುಂದಿನಿಂದ ಬರುವ ಕಿರಣವನ್ನಷ್ಟೇ ಒಳಬಿಡುವ ಕೊಳವೆ) ಕೂರಿಸಿ, ಡಬ್ಬಿಗೆ ತಾಗಿಸಿಡಬೇಕು. ಶಕ್ತಿವಾರು ಎಣಿಕೆಯ ನಕ್ಷೆಯಲ್ಲಿ ಒಂದು ವಿಂಡೋ (ಎಣಿಸಬೇಕಾದ ಶಕ್ತಿಯ ವ್ಯಾಪ್ತಿ) 186 ಕೆಇವಿಯ ಶಿಖರದ ಮೇಲೆ, ಇನ್ನೊಂದು ಅದರ ಬಲಕ್ಕೆ. ಯುರೇನಿಯಂ-238 ಕ್ಷಯಿಸಿ ಹುಟ್ಟುವ ಸಂತತಿಯಾದ ಪ್ರೊಟಾಕ್ಟಿನಿಯಂ-234ಎಂ ಶಿಖರದ ಬುಡದಲ್ಲಿ ಹಾಸುವ ಹಿನ್ನೆಲೆಯನ್ನು ಕಳೆಯಲು ಈ ಎರಡನೆಯದು ಬೇಕು. ಪಾಲು ಗೊತ್ತಿರುವ ಎರಡು ಪ್ರಮಾಣ ಮಾದರಿಗಳನ್ನು ಎಣಿಸಿದರೆ ವಿಂಡೋಗಳ ಎಣಿಕೆಯನ್ನು 235ರ ಪಾಲಿಗೆ ಬದಲಿಸುವ ಎರಡು ಸ್ಥಿರಾಂಕಗಳೂ ಸಿಗುತ್ತವೆ. 0.71 ಮತ್ತು 4.46 ಶೇಕಡಾದವು ಒಳ್ಳೆಯ ಜೋಡಿ.

ಹೆಚ್ಚಿನ ತಪ್ಪು ಆಗುವುದು ಡಬ್ಬಿಯ ಗೋಡೆಯಲ್ಲಿ. ಕೇವಲ 1 ಮಿ.ಮೀ. ಉಕ್ಕು ಶೇ. 11ರಷ್ಟು ಕಿರಣವನ್ನು ತಡೆಯುತ್ತದೆ; ಲೆಕ್ಕಕ್ಕೆ ಹಿಡಿಯದಿದ್ದರೆ ಶೇ. 4ರ ಇಂಧನ ಶೇ. 3.5ರ ಆಸುಪಾಸು ತೋರುತ್ತದೆ. ಗೋಡೆಯ ದಪ್ಪವನ್ನು ಅಳೆದೇ ತಿಳಿಯಿರಿ, ಲೇಬಲ್ ನಂಬಬೇಡಿ. ಇನ್ನೊಂದು ಮೋಸ: ಕ್ಯಾಲಿಬ್ರೇಷನ್‌ಗೆ ತಂದ ಸೀಸಿಯಂ-137 ಹತ್ತಿರವೇ ಉಳಿದರೆ ಅದರ ಹಿಂಚದುರಿಕೆಯ (ಸುತ್ತಲಿನ ವಸ್ತುಗಳಿಗೆ ಬಡಿದು ಮರಳುವ ಕಿರಣದ) ಶಿಖರ ಸರಿಯಾಗಿ 184 ಕೆಇವಿಯಲ್ಲೇ ಏಳುತ್ತದೆ.

ನಮ್ಮ ಕರಾವಳಿಯಲ್ಲಿ ಮಳೆಗಾಲದ ತೇವವನ್ನೂ ನೋಡಿಕೊಳ್ಳಬೇಕು. ಸೋಡಿಯಂ ಅಯೋಡೈಡ್ ನೀರು ಹೀರುವ ಹರಳು. ಕವಚದ ಸೀಲು ಬಿಟ್ಟರೆ ಹಳದಿಗಟ್ಟಿ ಶಿಖರ ಅಗಲವಾಗುತ್ತದೆ. ಹೈವೋಲ್ಟೇಜ್ ಕನೆಕ್ಟರ್ ಒದ್ದೆಯಾದರೆ ಸದ್ದುಗದ್ದಲದ ಎಣಿಕೆ ಬರುತ್ತದೆ. ಎ.ಸಿ. ಹಾಕಿದೊಡನೆ, ಆರಿಸಿದೊಡನೆ ಶಿಖರ ಜರುಗುವುದರಿಂದ ಪ್ರತಿ ಅಳತೆಗೂ ಮೊದಲು ಅದರ ಜಾಗ ಪರೀಕ್ಷಿಸಿ.

(ನಮಗೆ ಹತ್ತಿರದ ಕೈಗಾ ಸ್ಥಾವರ ನೈಸರ್ಗಿಕ ಯುರೇನಿಯಂ ಉರಿಸುತ್ತದೆ. 235ರ ಪಾಲು ಹೆಚ್ಚಿಸಿದ, ಅಂದರೆ ಸಂವರ್ಧಿತ, ಇಂಧನ ಬೇಕಾದವು ತಾರಾಪುರದ ಮೊದಲೆರಡು ಘಟಕಗಳು ಮತ್ತು ಕೂಡಂಕುಳಂ.)

ಉಳ್ಳಾಲದ ಮರಳಿಗೆ ಈ ವಿಧಾನ ಸಲ್ಲದು. ನಿಸರ್ಗದಲ್ಲಿ 235ರ ಪಾಲು ಎಲ್ಲೆಡೆ ಬಹುತೇಕ 0.72 ಶೇಕಡಾವೇ; ಅಳೆಯಲು ಏನೂ ಉಳಿದಿಲ್ಲ. ಮೇಲಾಗಿ ಇಂಧನದಲ್ಲಿ ಶುದ್ಧೀಕರಣದಿಂದ ಹೊರಹೋಗಿರುವ, ಯುರೇನಿಯಂ-238ರದೇ ಸಂತತಿಯಾದ ರೇಡಿಯಂ-226 ಮರಳಿನಲ್ಲಿ ಇದ್ದೇ ಇರುತ್ತದೆ. ಅದರ ಕಿರಣ 186.2 ಕೆಇವಿ, ನಿಮ್ಮ ಡಿಟೆಕ್ಟರಿನಲ್ಲಿ ಶಿಖರದ ಅಗಲವೇ ಸುಮಾರು 20 ಕೆಇವಿ. ಯುರೇನಿಯಂ-238 ಮತ್ತು ರೇಡಿಯಂ ಸಮತೋಲದಲ್ಲಿದ್ದರೆ (ಎರಡೂ ಒಂದೇ ವೇಗದಲ್ಲಿ ಕ್ಷಯಿಸುತ್ತಿದ್ದರೆ) ಆ ಶಿಖರದ ಅರ್ಧಕ್ಕಿಂತ ಹೆಚ್ಚು ರೇಡಿಯಂನದೇ ಆಗಿರುತ್ತದೆ. ಪಕ್ಕದಲ್ಲೇ ಮರಳಿನ ಖನಿಜವಾದ ಮೊನಜೈಟ್‌ನ ಥೋರಿಯಂನಿಂದ ಬರುವ 238.6 ಕೆಇವಿ ಶಿಖರವೂ ಒತ್ತಿಕೊಂಡು ನಿಂತಿರುತ್ತದೆ. ಆ ಥೋರಿಯಂ ಅನ್ನೇ ಅಳೆಯಿರಿ: ಮರಳನ್ನು ಒಣಗಿಸಿ, ಡಬ್ಬಿಯಲ್ಲಿ ಗಾಳಿಯಾಡದಂತೆ ಮುಚ್ಚಿ ಒಂದು ತಿಂಗಳು ಬಿಡಿ. ಆಮೇಲೆ ಥೋರಿಯಂಗೆ 2614, ರೇಡಿಯಂಗೆ 1764 ಕೆಇವಿ ಶಿಖರಗಳನ್ನು ರಾತ್ರಿಯಿಡೀ ಎಣಿಸಿ.