ಬಿ.ಡಿ.ಗೆ ಬೆಂಗಳೂರಾ, ಮಂಗಳೂರಾ?

ಡಿಗ್ರಿ ಮುಗಿಸಿ ಸಭಾಪಾಲಕನಾಗಲು, ಅಂದರೆ ಚರ್ಚಿನ ಪಾದ್ರಿಯಾಗಲು ಹೊರಟ ನೀವು, ಅದಕ್ಕೆ ಬೇಕಾದ ದೇವಶಾಸ್ತ್ರದ ಪದವಿ ಬಿ.ಡಿ.ಯನ್ನು (ಬ್ಯಾಚುಲರ್ ಆಫ್ ಡಿವಿನಿಟಿ) ಬೆಂಗಳೂರಿನಲ್ಲಿ ಓದಲಾ ಮಂಗಳೂರಿನಲ್ಲಾ ಅಂತ ಕೇಳಿದ್ದೀರಿ. ಇದೇ ಪ್ರಶ್ನೆಯನ್ನು ಹದಿನೈದು ವರ್ಷದ ಹಿಂದೆ ನಾನೂ ಹಿಡಿದುಕೊಂಡು ಓಡಾಡಿದ್ದೆ.

ಪದವೀಧರರಿಗೆ ನಾಲ್ಕು ವರ್ಷದ ಓದು. ಬೈಬಲಿನ ಮೂಲ ಭಾಷೆಗಳಾದ ಗ್ರೀಕ್, ಹೀಬ್ರೂ, ಜೊತೆಗೆ ಚರ್ಚಿನ ಚರಿತ್ರೆ ಎಲ್ಲವನ್ನೂ ಇಷ್ಟಪಟ್ಟು ಓದಿದೆ. ಎಡವಿದ್ದು ಒಂದೇ ಕಡೆ. ಕ್ಲಾಸಿನ ನೋಟ್ಸ್ ಇಂಗ್ಲಿಷ್, ಪ್ರಸಂಗದ (ಚರ್ಚಿನಲ್ಲಿ ಮಾಡುವ ಉಪದೇಶದ) ಟಿಪ್ಪಣಿ ಇಂಗ್ಲಿಷ್, ಬರಬರುತ್ತಾ ರಾತ್ರಿ ಒಬ್ಬನೇ ಮಾಡುವ ಪ್ರಾರ್ಥನೆಯೂ ಇಂಗ್ಲಿಷ್. ಕನ್ನಡ ಮನೆಮಾತು ತಾನೆ, ಪ್ರಸಂಗ ಮಾಡಲು ಪೀಠ ಹತ್ತಿದಾಗ ತಾನಾಗಿ ಬರುತ್ತೆ ಅಂದುಕೊಂಡೆ. ಬರಲಿಲ್ಲ. ಊಟ ಆಯ್ತಾ, ಮಳೆ ಬಂತಾ ಅನ್ನೋ ಕನ್ನಡ ಇತ್ತು. ಕಲಿತದ್ದನ್ನು ಹೇಳುವ ಕನ್ನಡ ಇರಲಿಲ್ಲ. ಅದನ್ನು ವಾರ ವಾರ ಕೂತು ಕಟ್ಟಿಕೊಳ್ಳಬೇಕಿತ್ತು. ನಾನು ಒಂದು ವಾರವೂ ಕೂರಲಿಲ್ಲ. 1853ರಲ್ಲಿ ಜರ್ಮನಿಯಿಂದ ಬಂದ ಕಿಟೆಲ್ ಅವರು ಕನ್ನಡ ಕಲಿತು 1894ರಲ್ಲಿ ನಿಘಂಟನ್ನೇ ಕೊಟ್ಟರು. ಅದು ನಮ್ಮ ಲೈಬ್ರರಿಯಲ್ಲೇ ಇತ್ತು. ನಾಲ್ಕು ವರ್ಷದಲ್ಲಿ ಒಂದು ಸಲವೂ ತೆಗೆದು ನೋಡಲಿಲ್ಲ.

ನಾನು ಪಾಲಕನಾಗಿ ಹೋದ ಮೊದಲ ಸಭೆ ಗದಗದ ಹತ್ತಿರದ ಹಳ್ಳಿಯ ಚರ್ಚು. ಒಂದು ಭಾನುವಾರದ ಪ್ರಸಂಗ ಲೂಕನ ಸುವಾರ್ತೆಯ 15ನೇ ಅಧ್ಯಾಯ, ತಪ್ಪಿಹೋದ ಮಗನ ಸಾಮ್ಯ, ಅಂದರೆ ಮನೆ ಬಿಟ್ಟು ಹೋದ ಮಗ ತಿರುಗಿ ಬರುವ, ಯೇಸು ಹೇಳಿದ ಕಥೆ. ಮಗ ಇನ್ನೂ ದೂರದಲ್ಲಿರುವಾಗಲೇ ತಂದೆ ಕನಿಕರಪಟ್ಟ ಅಂತ ನಮ್ಮ ಕನ್ನಡ ಬೈಬಲ್ ಸತ್ಯವೇದದಲ್ಲಿದೆ. ಅಲ್ಲಿರುವ ಗ್ರೀಕ್ ಪದದ ಮೂಲ 'ಸ್ಪ್ಲಾಂಖ್ನ', ಅಂದರೆ ಹೊಟ್ಟೆಯೊಳಗಿನ ಕರುಳು. ಅದನ್ನೇ ಹತ್ತು ನಿಮಿಷ ವಿವರಿಸಿದೆ. ಅರ್ಧ ಇಂಗ್ಲಿಷ್, ಅರ್ಧ ಪುಸ್ತಕದ ಕನ್ನಡ. ಜನ ಸುಮ್ನೆ ನೋಡುತ್ತಾ ಕೂತಿದ್ದರು.

ಆರಾಧನೆ ಮುಗಿದ ಮೇಲೆ ಒಬ್ಬ ಅಜ್ಜಿ ಬಾಗಿಲ ಹತ್ತಿರ ನನ್ನ ಎರಡೂ ಕೈ ಹಿಡಿದುಕೊಂಡರು. "ಅಯ್ಯನವರ, ಮಗನ್ನ ನೋಡಿ ಅಪ್ಪನ ಕರಳು ಚುರ್ ಅಂತು ಅಂದ್ರ ಆತಲ್ರೀ?" ಅಂದರು. ಅವರ ಮಗ ಮನೆ ಬಿಟ್ಟು ಹೋಗಿ ಆರು ವರ್ಷವಾಗಿತ್ತು ಅಂತ ಆಮೇಲೆ ತಿಳಿಯಿತು. ಅದುವರೆಗೆ ಆ ವಿಷಯ ನನಗೆ ಯಾರೂ ಹೇಳಿರಲಿಲ್ಲ. ಗೌರವ ಜಾಸ್ತಿನೇ ಕೊಡುತ್ತಿದ್ದರು, ಕಷ್ಟ ಹೇಳಿಕೊಳ್ಳಲು ಮಾತ್ರ ಯಾರೂ ಬರುತ್ತಿರಲಿಲ್ಲ. ಹೀಗೇ ಮೂರು ವರ್ಷ ಹೋಯಿತು.

ಅದಕ್ಕೇ ಬೆಂಗಳೂರಾ ಮಂಗಳೂರಾ ಅನ್ನೋದನ್ನು ನಾನು ದೊಡ್ಡ ಪ್ರಶ್ನೆ ಅಂತ ಒಪ್ಪಲ್ಲ. 1910ರಲ್ಲಿ ಶುರುವಾದ ಬೆಂಗಳೂರಿನ ಯುನೈಟೆಡ್ ಥಿಯೋಲಾಜಿಕಲ್ ಕಾಲೇಜಿರಲಿ, ಮಂಗಳೂರು ಬಲ್ಮಠದ ಕರ್ನಾಟಕ ಥಿಯೋಲಾಜಿಕಲ್ ಕಾಲೇಜಿರಲಿ, ಸಿಗುವುದು ಬಂಗಾಳದ ಸೆರಾಂಪುರ ವಿಶ್ವವಿದ್ಯಾಲಯ ಕೊಡುವ ಬಿ.ಡಿ.ಯೇ. ಓದು ಬೇಡ ಅಂತ ಹೇಳುವವರ ಮಾತನ್ನಂತೂ ಕೇಳಬೇಡಿ. ಗ್ರೀಕ್ ಓದದಿದ್ದರೆ ಅಜ್ಜಿಯ ಮಾತು ಎಷ್ಟು ಸರಿ ಅಂತ ನನಗೆ ಗೊತ್ತೇ ಆಗುತ್ತಿರಲಿಲ್ಲ.

ಆದರೆ ಈ ವರ್ಷವೇ ಅರ್ಜಿ ಹಾಕಬೇಡಿ. ಒಂದು ವರ್ಷ ನಿಮ್ಮ ಸಭೆಯ ಅಯ್ಯನವರ (ಪಾದ್ರಿಯ) ಜೊತೆ ಸಾವಿನ ಮನೆ, ಆಸ್ಪತ್ರೆ ಸುತ್ತಿ, ಜನ ಅಳುವಾಗ ಯಾವ ಮಾತು ಆಡುತ್ತಾರೆ ಅಂತ ಕೇಳಿಸಿಕೊಳ್ಳಿ. ಕಾಲೇಜಿಗೆ ಹೋದ ಮೇಲೆ, ಆ ವಾರ ಕಲಿತ ಒಂದು ವಿಷಯವನ್ನು ಶನಿವಾರ ರಾತ್ರಿ ಫೋನಿನಲ್ಲಿ ನಿಮ್ಮ ತಾಯಿಗೆ ಕನ್ನಡದಲ್ಲೇ ಹೇಳಿ. ಅವರು ತಿರುಗಿ ಪ್ರಶ್ನೆ ಕೇಳೋವರೆಗೂ ಫೋನ್ ಇಡಬೇಡಿ.