ಬಾರದವರ ಮನೆಗೆ ಮೊದಲು ಹೋಗಿ

ಪ್ರಶ್ನೆ: ನಮ್ಮ ತಂಡ ರಕ್ತದೊತ್ತಡ ತಪಾಸಣಾ ಶಿಬಿರ ನಡೆಸುತ್ತದೆ. ಮೊದಲ ಸಲ ಬಂದವರಲ್ಲಿ ಅರ್ಧದಷ್ಟು ಜನ ಮರುತಪಾಸಣೆಗೆ ಬರುವುದಿಲ್ಲ. ಕರಪತ್ರ ಹಂಚಿದೆವು, ಜಾಗೃತಿ ಭಾಷಣ ಮಾಡಿಸಿದೆವು, ಫಲ ಕಾಣಲಿಲ್ಲ. ‘ಮಾನವಕೇಂದ್ರಿತ ವಿನ್ಯಾಸ’ ಅನುಸರಿಸಿ ಎಂದು ಕೆಲವರು ಹೇಳುತ್ತಾರೆ. ಇದು ಸಮೀಕ್ಷೆಗೆ ಇಟ್ಟ ಹೊಸ ಹೆಸರೇ? ಸಣ್ಣ ತಂಡಕ್ಕೆ ಎಟುಕುವುದೇ?

ಉತ್ತರ: ಅಲ್ಲ. ಸೇವೆ ಪಡೆಯುವವರ ದಿನಚರಿ, ತೊಡಕುಗಳನ್ನು ಅವರಿಂದಲೇ ತಿಳಿದು, ಅದಕ್ಕೆ ತಕ್ಕಂತೆ ಸೇವೆಯನ್ನು ಸಣ್ಣದಾಗಿ ಬದಲಿಸಿ ನೋಡುವುದೇ ಮಾನವಕೇಂದ್ರಿತ ವಿನ್ಯಾಸ. ಸಮೀಕ್ಷೆಯ ಪ್ರಶ್ನೆಗಳನ್ನಾದರೆ ನೀವೇ ಮೊದಲು ಬರೆದಿಟ್ಟುಕೊಂಡಿರುತ್ತೀರಿ. ನಿಮಗೆ ಹೊಳೆಯದ ಕಾರಣ ಅದರಲ್ಲಿ ಸಿಗುವುದು ಕಷ್ಟ. ‘ಜನರಿಗೆ ತಿಳಿವಳಿಕೆ ಸಾಲದು’ ಎಂದುಕೊಂಡೇ ನೀವು ಕರಪತ್ರ ಹಂಚಿದಿರಿ; ಅದು ನಿಜವೇ ಎಂದು ಯಾರೂ ನೋಡಿದಂತಿಲ್ಲ.

2000ರಲ್ಲಿ ಉಗಾಂಡದ ಗುಲುವಿನಲ್ಲಿ ಎಬೋಲಾ ಹರಡಿದಾಗ, ಆಂಬುಲೆನ್ಸ್ ಕಂಡರೆ ಜನ ಓಡಿಹೋಗುತ್ತಿದ್ದರು. ಅಜ್ಞಾನ ಎಂದು ಷರಾ ಬರೆದುಬಿಡುವುದು ಸುಲಭವಿತ್ತು. ಮಾನವಶಾಸ್ತ್ರಜ್ಞ ಬ್ಯಾರಿ ಹ್ಯೂಲೆಟ್ ಮತ್ತು ಸಂಗಡಿಗರು ಊರವರನ್ನು ಮಾತನಾಡಿಸಿದಾಗ ಬೇರೆಯೇ ಸಂಗತಿ ಹೊರಬಿತ್ತು. ಪ್ರತ್ಯೇಕ ವಾರ್ಡಿನ ಸುತ್ತ ಟಾರ್ಪಾಲಿನ್ ಕಟ್ಟಿದ್ದರಿಂದ ಒಳಗಿರುವ ತಮ್ಮವರು ಹೇಗಿದ್ದಾರೆಂದು ಮನೆಯವರಿಗೆ ಕಾಣುತ್ತಿರಲಿಲ್ಲ. ಸತ್ತವರ ಮುಖ ನೋಡಲೂ ಸಿಗದೆ ಶವ ಹೂತಾಗಿರುತ್ತಿತ್ತು. ದೇಹದ ಭಾಗಗಳನ್ನು ಮಾರುತ್ತಾರೆ ಎಂಬ ವದಂತಿ ಹಬ್ಬಲು ಇನ್ನೇನು ಬೇಕು? ಟಾರ್ಪಾಲಿನ್ ತೆಗೆಸಲಾಯಿತು. ಮುಂದೆ 2018ರಲ್ಲಿ ಕಾಂಗೋದಲ್ಲಿ ಅಲಿಮಾ ಎಂಬ ವೈದ್ಯಕೀಯ ನೆರವಿನ ಸಂಸ್ಥೆ ಪಾರದರ್ಶಕ ಗೋಡೆಯ ಚಿಕಿತ್ಸಾ ಕೋಣೆಗಳನ್ನೇ ಬಳಸಿತು.

ನೀವು ಶಿಬಿರಕ್ಕೆ ಬಂದವರನ್ನು ಬಿಡಿ, ಬಾರದವರ ಮನೆಗೆ ಹೋಗಿ. ‘ಏಕೆ ಬರಲಿಲ್ಲ?’ ಎಂದು ನೇರವಾಗಿ ಕೇಳಬೇಡಿ. ‘ಮರೆತುಹೋಯಿತು’ ಎಂಬ ಸೌಜನ್ಯದ ಉತ್ತರ ಕೈಗಿಡುತ್ತಾರೆ. ಆ ದಿನ ಎದ್ದಾಗಿನಿಂದ ಏನೇನು ನಡೆಯಿತು ಎಂದು ಹೇಳಿಸಿ. ಸರದಿ ಬರುವ ಹೊತ್ತಿಗೆ ಕೆಲಸಕ್ಕೆ ತಡವಾಗುತ್ತಿರಬಹುದು. ಮೈಯಲ್ಲಿ ಯಾವ ತೊಂದರೆಯೂ ಕಾಣದ್ದರಿಂದ ಮಾತ್ರೆ ನಿಲ್ಲಿಸಿದ್ದು, ಬಂದರೆ ಬೈಯುತ್ತಾರೆಂಬ ಅಳುಕೂ ಇರಬಹುದು. ಸಾಲಿನಲ್ಲಿ ನಿಂತವರೆಲ್ಲರಿಗೂ ಕೇಳುವಂತೆ ನಿಮ್ಮ ಸಿಬ್ಬಂದಿ ಅಂಕಿಯನ್ನು ಗಟ್ಟಿಯಾಗಿ ಓದುತ್ತಾರೆಯೇ, ಅದನ್ನೂ ಗಮನಿಸಿ. ರಿಜಿಸ್ಟರ್ ತುಂಬುವವರ ಕಷ್ಟವನ್ನೂ ಕೇಳಿ. ಅವರನ್ನು ಬಿಟ್ಟು ಮಾಡಿದ ಸುಧಾರಣೆ ನೆಲೆ ನಿಂತದ್ದು ಅಪರೂಪ.

ಇನ್ನು ಖರ್ಚಿನ ಮಾತು. ಒಂದೇ ಶಿಬಿರದಲ್ಲಿ, ಕೆಲವು ವಾರ, ಒಂದೇ ಬದಲಾವಣೆ ಮಾಡಿ: ಸಂಜೆಯ ಸಮಯ ಅಥವಾ ಅಂಕಿಯನ್ನು ಚೀಟಿಯಲ್ಲಿ ಬರೆದುಕೊಡುವುದು. ಫಲಿಸದಿದ್ದರೆ ಕೈಬಿಡಿ. ಔಷಧದ ಪ್ರಮಾಣ, ಚಿಕಿತ್ಸಾ ಕ್ರಮಗಳಲ್ಲಿ ಮಾತ್ರ ಇಂಥ ಪ್ರಯೋಗ ಸಲ್ಲದು. ಮಾತ್ರೆಯೇ ದಾಸ್ತಾನಿಲ್ಲದಿದ್ದರೆ ಯಾವ ವಿನ್ಯಾಸವೂ ನೆರವಾಗದು. ಮೊದಲು ಮಾತ್ರೆ ತರಿಸಿ.

ಪ್ರಶ್ನೆ: ಎಷ್ಟು ಜನರನ್ನು ಮಾತನಾಡಿಸಬೇಕು?

ಉತ್ತರ: ಹತ್ತು ಹದಿನೈದು ಮಂದಿಯಿಂದ ಶುರುಮಾಡಿ, ವಯಸ್ಸು, ದುಡಿಮೆ, ಮನೆಯ ದೂರ ಬೇರೆಬೇರೆಯಾಗಿರಲಿ. ಹೊಸದೇನೂ ಕೇಳಿಬರದಿದ್ದಾಗ ನಿಲ್ಲಿಸಬಹುದು. ಇದರಿಂದ ಶೇಕಡಾವಾರು ಲೆಕ್ಕ ಮಾತ್ರ ತೆಗೆಯಬೇಡಿ, ಅದಕ್ಕೆ ಸಮೀಕ್ಷೆಯೇ ಸರಿ.